ಹಗ್ಗ ಹಿಡಿದವಳ ಮುಖ

ಸೇಲಂ, ಹೊರಡುವ ಮುಂಚೆ

ಇಪ್ಪತ್ತು ವರ್ಷದಿಂದ ನಾನು ಜನರಿಗೆ ಹೇಳಿಕೊಂಡು ಬಂದಿರುವುದು ಮೂರೇ ಮಾತು. ಇಲ್ಲಿ ನೋಡಿ, ಗಲ್ಲ ಎತ್ತಿ, ಸ್ವಲ್ಪ ನಗಿ. ಮದುಮಗಳಿಗೆ ಮೂರೂ ಹೇಳುತ್ತೇನೆ, ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆ ಮೊದಲೆರಡು ಸಾಕು. ಸೇಲಂನಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಹೆಂಗಸರ ಫೋಟೋ, ಮದುವೆ ಫೋಟೋ ನನ್ನ ಪಾಲು. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದು ಪ್ರಿಂಟ್ ಹಾಕುವುದು ನಮ್ಮ ಯಜಮಾನರು ಮಾದೇಶರ ಪಾಲು. ಆ ಮೂರು ಮಾತಿನಲ್ಲಿ ಮೊದಲನೆಯದರಿಂದ ನಾನು ಇಂಗ್ಲೆಂಡಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅದನ್ನು ಹೇಳಿಕೊಳ್ಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಆಗಿನ್ನೂ ತೊಂಬತ್ತರ ದಶಕ, ಫಿಲ್ಮ್ ರೋಲಿನ ಕಾಲ. ಮಾರ್ಗರೆಟ್ ಎಂಬ ಇಂಗ್ಲಿಷ್ ಹೆಂಗಸು ಬೆಳ್ಳಿ ಕಾಲುಚೈನು ಮಾಡುವವರ ಫೋಟೋ ತೆಗೆಯಲು ಸೇಲಂಗೆ ಬಂದಿದ್ದಳು. ಮೂರು ವಾರ ನಾನೇ ಅವಳಿಗೆ ದುಭಾಷಿ. ಅವಳು ತೆಗೆದದ್ದು ಚೈನಿನ ಫೋಟೋ ಅಲ್ಲವೇ ಅಲ್ಲ. ಊದುಕೊಳವೆ ಊದಿ ಊದಿ ಸೋತ ಕೆನ್ನೆಯನ್ನು ಉಜ್ಜಿಕೊಳ್ಳುವ ಮುದುಕ, ಸಂಜೆ ನೆಲ ಗುಡಿಸಿ ಬೆಳ್ಳಿ ಪುಡಿ ಹುಡುಕುವ ಅವನ ಸೊಸೆ, ಇಂಥವೇ. ಹೊರಡುವ ದಿನ ನನ್ನ ಕೈ ಹಿಡಿದು, “ನಿನ್ನ ಊರನ್ನು ನಾನು ತೆಗೆದೆ. ನನ್ನ ಊರನ್ನು ನೀನು ಬಂದು ತೆಗೆದರೆ ಸರಿಸಮ” ಅಂದಳು. ಬಾಯಿಮಾತು ಅಂದುಕೊಂಡಿದ್ದೆ. ಮುಂದಿನ ವರ್ಷ ನಮ್ಮಿಬ್ಬರ ಹೆಸರಿಗೂ ಕಾಗದ ಬಂತು. ಅವಳ ಊರಿನಲ್ಲಿ ಮನೆಯೊಳಗೆ ಗೋಡೆ ಹತ್ತುವವರಿದ್ದಾರಂತೆ, ಅವರ ಫೋಟೋ ತೆಗೆದು ಅಲ್ಲಿನ ಗ್ರಂಥಾಲಯದಲ್ಲಿ ತೂಗುಹಾಕಬೇಕಂತೆ.

ನನ್ನ ಅಣ್ಣ ಹರೂರಿನಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಾನೆ. ಹೇಳಿ ಬರೋಣವೆಂದು ಹೋದರೆ, ಅವನು ತೂಕದ ಬಟ್ಟು ಕೆಳಗಿಟ್ಟು ಕೇಳಿದ್ದು ಒಂದೇ ಮಾತು.

“ಗೋಡೆ ಅತ್ತೋಕೆ ಅವ್ರೇನು ಕಳ್ಳರಾ ಅಮ್ಮಿ?”

“ಆಟ ಅಂತಣ್ಣ. ಅಲ್ಲಿ ಚಳಿ ಜಾಸ್ತಿ, ಬೆಟ್ಟಕ್ಕೋಗಕಾಗಲ್ಲ. ಅದ್ಕೆ ಷೆಡ್ಡೊಳ್ಗೆ ಬೆಟ್ಟ ಮಾಡವ್ರೆ.”

“ಸರಿ ಸರಿ. ಮಾಪ್ಳೆನ ಜೋಪಾನವಾಗಿ ಕರ್ಕೊಂಡ್ ಬಾ” ಅಂದ. ಮಾಪ್ಳೆ ಅಂದರೆ ನಮ್ಮ ಯಜಮಾನರು. ಹೊರಟಿರುವುದು ಇಬ್ಬರೂ, ಜೋಪಾನ ಮಾತ್ರ ಅವರಿಗೆ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಕಸ್ಟಮ್ಸ್‌ನವನು ನಮ್ಮ ಪೆಟ್ಟಿಗೆ ತೆಗೆದ. ಕ್ಯಾಮೆರಾ, ಫಿಲ್ಮು, ಫ್ಲ್ಯಾಷ್ ಯಾವುದನ್ನೂ ಕೇಳಲಿಲ್ಲ. ಸಬ್ಬಕ್ಕಿ ಸಂಡಿಗೆಯ ಡಬ್ಬಿ ತೆಗೆದು ಒಂದನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಮೇಜಿನ ಮೇಲೆ ಕುಟ್ಟಿದ. ತಿನ್ನುವುದು ಅಂದರೆ ನಂಬಲಿಲ್ಲ. ಮಾದೇಶರು ತಮಗೆ ಬರುವ ಇಂಗ್ಲಿಷಿನಲ್ಲಿ, “ಆಯಿಲ್ ಗಿವ್, ಐ ಫ್ರೈ” ಅಂದರು. ಅವನು ನಕ್ಕು ಡಬ್ಬಿ ಮುಚ್ಚಿಕೊಟ್ಟ. ಹಿಂದೆ ಸಾಲಿನಲ್ಲಿ ನಿಂತ ಇಪ್ಪತ್ತು ಜನರಲ್ಲಿ ಒಬ್ಬರೂ ಗೊಣಗಲಿಲ್ಲ. ನಮ್ಮ ಟೌನ್ ಬಸ್ಸಿನಲ್ಲಿ ಚಿಲ್ಲರೆ ಹುಡುಕಲು ಒಂದು ಗಳಿಗೆ ತಡವಾದರೆ ಬೆನ್ನಿಗೆ ಎಷ್ಟು ಮಾತು ಬೀಳುತ್ತದೆ ಅಂತ ನೆನಪಾಯಿತು.

ಇಬ್ಬರೂ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ ಪಕ್ಕದಲ್ಲಿದ್ದ ಜಾಫ್ನಾದ ತಮಿಳರೊಬ್ಬರು, ಸೇಲಂನವರು ಅಂತೀರಿ, ಮಾತು ತೆಲುಗಿನ ಹಾಗಿದೆಯಲ್ಲ ಅಂದರು. ಈ ಪ್ರಶ್ನೆ ಸೇಲಂನಲ್ಲೇ ವಾರಕ್ಕೊಮ್ಮೆ ಬರುತ್ತದೆ. ಮನೆಮಾತು ಕನ್ನಡ, ಶಾಲೆ ತಮಿಳು. ಕೊಳ್ಳೇಗಾಲದ ಕಡೆಯಿಂದ ಬಂದ ಅಮ್ಮ ಹಟ ಹಿಡಿದು ಅಕ್ಷರ ತಿದ್ದಿಸದಿದ್ದರೆ ಇದನ್ನು ಬರೆಯುವುದೂ ನನ್ನಿಂದಾಗುತ್ತಿರಲಿಲ್ಲ.

ಷೆಫೀಲ್ಡ್, ಮೊದಲ ದಿನ

ಷೆಫೀಲ್ಡ್ ಕೂಡ ನಮ್ಮ ಸೇಲಂ ಹಾಗೆ ಉಕ್ಕಿನ ಊರು. ಗೋಡೆ ಹತ್ತುವ ಜಾಗ ಒಂದು ಹಳೇ ವರ್ಕ್‌ಷಾಪ್ ಷೆಡ್ಡು. ಮೂರಾಳೆತ್ತರದ ಹಲಗೆಯ ಗೋಡೆಗಳು, ಅವುಗಳ ಮೇಲೆ ಬಣ್ಣಬಣ್ಣದ ಉಬ್ಬುಗಳು. ಅವನ್ನು ಹಿಡಿದು, ಮೆಟ್ಟಿ, ಜನ ಹಲ್ಲಿಯ ಹಾಗೆ ಮೇಲೆ ಹೋಗುತ್ತಾರೆ. ಹತ್ತುವವನ ಸೊಂಟಪಟ್ಟಿಗೆ ಹಗ್ಗ. ಅವನು ಹೋಗುತ್ತ ಹೋಗುತ್ತ ಗೋಡೆಯ ಕೊಂಡಿಗಳಿಗೆ ಆ ಹಗ್ಗವನ್ನು ಸಿಕ್ಕಿಸಿಕೊಳ್ಳಬೇಕು. ಹಗ್ಗದ ಇನ್ನೊಂದು ಕಡೆಯನ್ನು ಕೆಳಗೆ ಒಬ್ಬರು ಹಿಡಿದಿರುತ್ತಾರೆ. ಅವನು ಕೇಳಿದಷ್ಟು ಬಿಡಬೇಕು, ಬಿದ್ದರೆ ಬಿಗಿಹಿಡಿಯಬೇಕು.

ಮಾರ್ಗರೆಟ್ ನಮಗೆ ಇಬ್ಬರನ್ನು ಪರಿಚಯ ಮಾಡಿಸಿದಳು. ಹತ್ತುವವನು ಟಾಮ್, ಉದ್ದಕ್ಕೆ ಇದ್ದ, ಮಾತು ಕಡಿಮೆ. ಹಗ್ಗ ಹಿಡಿಯುವವಳು ಹೆಲೆನ್, ಮೂವತ್ತರ ಆಸುಪಾಸು, ಮೂಗಿನ ಮೇಲೆ ಮಚ್ಚೆಗಳು, ಎಲ್ಲದಕ್ಕೂ ನಗು. ಮಾದೇಶರು ಟಾಮ್‌ನನ್ನು ನೋಡಲೇ ಇಲ್ಲ. ಹೆಲೆನ್‌ಳ ಕೈಯನ್ನೇ ನೋಡುತ್ತಿದ್ದರು.

“ಆ ಎಣ್ಣು ಅವ್ನ್ಗೆ ಏನಾಗ್ಬೇಕು?”

“ಏನೂ ಇಲ್ವಂತೆ. ಒಂದೇ ಆಫೀಸಂತೆ. ಸಾಯಂಕಾಲ ಜೊತೇಲಿ ಬತ್ತಾರಂತೆ.”

“ಏನೂ ಆಗ್ದಿರೋರ ಕೈಗೆ ಉಸುರು ಕೊಟ್ಬುಟ್ಟು ಮೇಲಕ್ಕೋಯ್ತಾನಾ?”

ಅವರಿಗೆ ಅದು ನಿಜವಾಗಿ ಅರ್ಥವಾಗಲಿಲ್ಲ. ಅವರದು ನಂಗವಳ್ಳಿ ಪಕ್ಕದ ಹಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಯುವಾಗ ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಾರೆ. ಮೇಲೆ ಹಗ್ಗ ಹಿಡಿಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವರಿಗೂ ಕೊಡುವುದಿಲ್ಲ, ಅವರಿಗೆ ಹೊಲದ ಪಾಲಿನ ಮೇಲೆ ಕಣ್ಣಿರಬಹುದು. ಹೆಂಡತಿಯ ಅಣ್ಣ ಹಾಗಲ್ಲ, ತಂಗಿಯ ತಾಳಿ ಅವನ ಅಂಗೈಯಲ್ಲಿರುತ್ತದೆ. ಮದುವೆಯಾದ ಮೇಲೆ ಎಂಟು ಬೇಸಿಗೆ ಮಾದೇಶರು ಬಾವಿಗೆ ಇಳಿದರು. ಎಂಟು ಬೇಸಿಗೆಯೂ ಹಗ್ಗ ಹಿಡಿದವನು ನನ್ನ ಅಣ್ಣ. ಆಮೇಲೆ ಅಣ್ಣ ಹರೂರಿಗೆ ಹೋದ, ನಾವು ಸೇಲಂಗೆ ಬಂದೆವು. ಅವನ ಜೋಪಾನ ಮಾತ್ರ ಇನ್ನೂ ಮುಗಿದಿಲ್ಲ.

ಇನ್ನೊಂದು ಕಟ್ಟುನಿಟ್ಟೂ ಉಂಟು. ಹಗ್ಗ ಹಿಡಿದವನನ್ನು ಯಾರೂ ಮಾತಾಡಿಸಕೂಡದು. ಅವನ ಬಾಯಲ್ಲಿ ಎಲೆ ಅಡಿಕೆ ಇರಕೂಡದು, ಹತ್ತಿರ ಮಕ್ಕಳು ಸುಳಿಯಕೂಡದು, ಮನೆಗೆ ಬೆಂಕಿ ಬಿದ್ದರೂ ಅವನ ಹೆಸರು ಹಿಡಿದು ಕೂಗಕೂಡದು. ಇದನ್ನು ನಾನು ನಡೆಯಲು ಕಲಿತಾಗಲೇ ಕಲಿತವಳು.

ಮೂರನೆಯ ದಿನ

ಮಾರ್ಗರೆಟ್ ಮೊದಲೇ ಹೇಳಿದ್ದಳು, ಹತ್ತುವುದನ್ನು ಎಲ್ಲರೂ ತೆಗೆದಿದ್ದಾರೆ, ಯಾರೂ ನೋಡದಿರುವುದನ್ನು ತೆಗೆ ಅಂತ. ಆ ಷೆಡ್ಡಿನಲ್ಲಿ ಯಾರೂ ನೋಡದಿರುವುದು ಬೇಕಾದಷ್ಟಿತ್ತು. ಹತ್ತುವ ಮುಂಚೆ ಕಣ್ಣು ಮುಚ್ಚಿ, ಎರಡೂ ಕೈ ಗಾಳಿಯಲ್ಲಿ ಆಡಿಸಿ, ದಾರಿಯನ್ನು ಬಾಯಿಪಾಠ ಮಾಡುವವರು. ಬೆರಳ ಚರ್ಮ ಕಿತ್ತು ಬಂದರೆ ಹಲ್ಲಿನಲ್ಲಿ ಟೇಪು ಹರಿದು ಸುತ್ತಿಕೊಳ್ಳುವವರು. ಬಿಗಿ ರಬ್ಬರ್ ಷೂ ಬಿಚ್ಚಿದೊಡನೆ ಕಾಲ್ಬೆರಳು ಒಂದೊಂದನ್ನೇ ಬಿಡಿಸಿ ನೀವಿಕೊಳ್ಳುವ ಒಬ್ಬ ಅಜ್ಜ. ಬಿದ್ದ ಹುಡುಗಿಯೊಬ್ಬಳು ಬೀರುಗಳ ಹಿಂದೆ ಹೋಗಿ ಒಂದು ನಿಮಿಷ ಅತ್ತು, ಮುಖ ಒರೆಸಿಕೊಂಡು, ಬಾಳೆಹಣ್ಣು ತಿನ್ನುತ್ತ ಹೊರಬಂದಳು. ಯಾರೂ ಅವಳನ್ನು ಏನಾಯಿತು ಅಂತ ಕೇಳಲಿಲ್ಲ. ನಮ್ಮಲ್ಲಾಗಿದ್ದರೆ ಆರು ಜನ ಸುತ್ತ ನಿಂತು ಅವಳನ್ನು ಇನ್ನಷ್ಟು ಅಳಿಸುತ್ತಿದ್ದರು. ಯಾವುದು ವಾಸಿ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಕಣ್ಣಿಗೆ ಕಂಡದ್ದು ಇಷ್ಟಾದರೂ ನಾನು ತೆಗೆದದ್ದು ಬೇರೆ. ಸಂಜೆ ಮಾರ್ಗರೆಟ್‌ಳ ಮನೆಯ ಕತ್ತಲೆ ಕೋಣೆಯಲ್ಲಿ ಮಾದೇಶರು ಪ್ರಿಂಟ್ ಹಾಕಿ ತಂತಿಗೆ ನೇತುಹಾಕಿದರು. ಅಜ್ಜ ಕಾಲ್ಬೆರಳು ಬಿಟ್ಟು ನೆಟ್ಟಗೆ ಕೂತು ಕ್ಯಾಮೆರಾ ನೋಡುತ್ತಿದ್ದ. ಟೇಪಿನವರು ಕೈ ಕೆಳಗಿಳಿಸಿ ನಗುತ್ತಿದ್ದರು. ಎಲ್ಲರ ಗಲ್ಲವೂ ಸರಿಯಾಗಿ ಮೇಲೆ ಎತ್ತಿತ್ತು.

“ಎಲ್ಲಾರ್ನೂ ಮದ್ವೆ ಮನೆಗೆ ಕರ್ಕೊಂಡೋಗ್ಬುಟ್ಟಿದಿಯಲ್ಲೇ ಸರೋಜಾ” ಅಂದರು.

ಮಾರ್ಗರೆಟ್ ಪ್ರಿಂಟುಗಳನ್ನು ಒಂದೊಂದಾಗಿ ನೋಡಿ ಅಡಿಗೆಮನೆಗೆ ಹೋದಳು. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಇಷ್ಟು ವರ್ಷದ ಕೆಲಸ ನನ್ನದು, ನಿಮಗೇನು ಗೊತ್ತು ಅಂತ ಯಜಮಾನರ ಮೇಲೆ ಹಾರಾಡಿದೆ.

ನಾಲ್ಕನೆಯ ದಿನ

ಆ ದಿನ ಹಟ ತೊಟ್ಟು ಹೋದೆ. ಒಂದಾದರೂ ಅದ್ಭುತವಾದ ಫೋಟೋ ಬೇಕು ಅಂತ ದೊಡ್ಡ ಫ್ಲ್ಯಾಷ್ ಕಟ್ಟಿಕೊಂಡೆ. ಟಾಮ್ ಹತ್ತುತ್ತಿದ್ದ. ಒಂದಾಳೆತ್ತರಕ್ಕಿಂತ ಸ್ವಲ್ಪ ಮೇಲೆ, ಮುಂದಿನ ಕೊಂಡಿಗೆ ಸಿಕ್ಕಿಸಲು ಹಗ್ಗವನ್ನು ತನ್ನ ಕಡೆ ಎಳೆದುಕೊಂಡ. ಹೆಲೆನ್ ಅವನಿಗೆ ಬೇಕಾದಷ್ಟು ಸಡಿಲ ಬಿಟ್ಟಿದ್ದಳು. ಹಿಂದಿನ ಕಿಟಕಿಯಿಂದ ಬಿಸಿಲು ಅವಳ ಕೂದಲ ಮೇಲೆ ಬಿದ್ದಿತ್ತು. ಒಳ್ಳೆಯ ಬೆಳಕು ಕಂಡರೆ ನನಗೆ ಬೇರೇನೂ ಕಾಣುವುದಿಲ್ಲ.

“ಹೆಲೆನ್, ಇಲ್ಲಿ ನೋಡು” ಅಂತ ಕೂಗಿದೆ.

ಅವಳು ತಿರುಗಿ ನಕ್ಕಳು. ನಾನು ಗುಂಡಿ ಒತ್ತಿದೆ. ಫ್ಲ್ಯಾಷಿನ ಬೆಳಕು ಹೋಗುವುದರೊಳಗೆ ಟಾಮ್ ಕೈ ಜಾರಿ ಕೆಳಗೆ ಬಿದ್ದಿದ್ದ. ಹೆಲೆನ್ ಹಗ್ಗ ಬಿಟ್ಟಿರಲಿಲ್ಲ, ಬಿಗಿ ಹಿಡಿಯುವುದು ಒಂದು ಕ್ಷಣ ತಡವಾಗಿತ್ತು. ಅವನ ಕಾಲು ಚಾಪೆಯ ಅಂಚಿಗೆ ತಿರುಚಿ ಬಿದ್ದಿತ್ತು. ಅವನು ಕೂಗಲಿಲ್ಲ, ಹಲ್ಲು ಕಚ್ಚಿ ಚಾವಣಿ ನೋಡುತ್ತ ಮಲಗಿದ.

ಮಾದೇಶರು ಓಡಿ ಹೋಗಿ ಅವನ ತಲೆಯ ಕೆಳಗೆ ತಮ್ಮ ಸ್ವೆಟರ್ ಮಡಿಸಿ ಇಟ್ಟರು. ಆಮೇಲೆ ನನ್ನ ಕಡೆ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅಗ್ಗ ಇಡ್ದವ್ಳ ಎಸ್ರು ಕೂಗ್ಬುಟ್ಟಲ್ಲ” ಅಂದರು, ಮೆಲ್ಲಗೆ.

ಕಣಕಾಲಿನ ಮೂಳೆ ಮುರಿದಿತ್ತು. ಹೆಲೆನ್ ಸೊಂಟಪಟ್ಟಿ ಬಿಚ್ಚಿ ಷೆಡ್ಡಿನ ಮ್ಯಾನೇಜರನ ಮೇಜಿನ ಮೇಲಿಟ್ಟು, ಇನ್ನು ಯಾರ ಹಗ್ಗವನ್ನೂ ಹಿಡಿಯುವುದಿಲ್ಲ ಅಂದು ಹೊರಟುಹೋದಳು. ಮ್ಯಾನೇಜರ್ ನನಗೆ, ಫ್ಲ್ಯಾಷ್ ಇನ್ನು ಒಳಗೆ ತರಬೇಡಿ ಅಂದ. ಅಷ್ಟು ಮರ್ಯಾದೆಯಾಗಿ ಹೇಳಿದ್ದೇ ನನಗೆ ಹೆಚ್ಚು ನೋವಾಯಿತು.

ಟಾಮ್‌ನ ಮನೆ

ಎರಡು ದಿನ ನಾನು ಮಾರ್ಗರೆಟ್‌ಳ ಮನೆ ಬಿಟ್ಟು ಹೊರಬರಲಿಲ್ಲ. ಮಾದೇಶರು ಆ ರೋಲನ್ನೂ ತೊಳೆದು ಪ್ರಿಂಟ್ ಹಾಕಿದ್ದರು. ಹೆಲೆನ್ ತಿರುಗಿ ನಕ್ಕಿದ್ದು ಸ್ಟುಡಿಯೋ ಲೆಕ್ಕದಲ್ಲಿ ಒಳ್ಳೆಯ ಫೋಟೋ. ಕಣ್ಣು ಮುಚ್ಚಿಲ್ಲ, ಗಲ್ಲ ಸರಿಯಾಗಿದೆ, ನಗು ಇದೆ. ಕೈಯಲ್ಲಿ ಮಾತ್ರ ಹಗ್ಗ ಜೋಲುತ್ತಿದೆ. ಹರಿದುಹಾಕೋಣ ಅಂದೆ.

“ಅರಿಬೇಡ. ತಪ್ಪು ಯಾರ್ದು ಅಂತ ಅದ್ರಾಗೇ ಬರ್ದೈತೆ. ತಕೊಂಡೋಗಿ ತೋರ್ಸು” ಅಂದರು.

ಸಂಡಿಗೆ ಕರಿದು ಡಬ್ಬಿಗೆ ತುಂಬಿ, ಫೋಟೋವನ್ನು ಸೆರಗಿನಡಿ ಇಟ್ಟುಕೊಂಡು ಟಾಮ್‌ನ ಮನೆಗೆ ಹೋದೆವು. ಕಾಲಿಗೆ ಬಿಳೀ ಕಟ್ಟು ಹಾಕಿಕೊಂಡು ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದ. ನೋಡಲು ಬಂದವರು ಹೊರಗಿನಿಂದಲೇ ಹೂವಿನ ಕುಂಡ, ಚೀಟಿ ಇಟ್ಟು ಹೋಗುತ್ತಿದ್ದರು. ಕಾಯಿಲೆಯವರ ಮಂಚದ ಮೇಲೇ ಕೂತು ಊರ ಸುದ್ದಿಯೆಲ್ಲ ಹೇಳುವ ನಮ್ಮವರ ಅಭ್ಯಾಸ ಅಲ್ಲಿ ಇಲ್ಲ. ಮಾದೇಶರು ಹೋಗಿ ಮಂಚದ ಮೇಲೇ ಕೂತರು. ಟಾಮ್‌ಗೆ ಅದು ಇಷ್ಟವಾಯಿತು ಅಂತ ಕಾಣುತ್ತದೆ, ಸರಿದು ಜಾಗ ಕೊಟ್ಟ. ಹೆಲೆನ್ ಅಡಿಗೆಮನೆಯಲ್ಲಿ ಚಹಾ ಮಾಡುತ್ತಿದ್ದಳು. ದಿನಾ ಬರುತ್ತಾಳಂತೆ, ಚಹಾ ಮಾಡಿಕೊಟ್ಟು ಮಾತಿಲ್ಲದೆ ಹೋಗುತ್ತಾಳಂತೆ.

ಅವಳು ಚಹಾ ತಂದಾಗ ನಾನು ಸೆರಗಿನಡಿಯ ಫೋಟೋ ಅವಳ ಮುಂದಿಟ್ಟೆ. ಕರೆದವಳು ನಾನು, ಇದೋ ಸಾಕ್ಷಿ ಅಂದೆ. ಅವಳು ಫೋಟೋದಲ್ಲಿ ಜೋಲುತ್ತಿದ್ದ ಹಗ್ಗದ ಮೇಲೆ ಬೆರಳಿಟ್ಟಳು.

“ಕರೆದದ್ದು ನೀನು ನಿಜ. ತಿರುಗಿದ್ದು ನಾನು. ಈ ಕೈಯನ್ನು ನನಗೆ ಈಗ ನಂಬಲಾಗುತ್ತಿಲ್ಲ.”

ಟಾಮ್ ಏನೋ ಹೇಳಹೋದ. ಅವಳು ಕೇಳಿಸಿಕೊಳ್ಳಲಿಲ್ಲ. ನನಗೆ ಅಳು ಬಂತು, ಅತ್ತೆ. ಗ್ರಂಥಾಲಯ, ಫೋಟೋ, ಹೆಸರು ಎಲ್ಲ ಮರೆತುಹೋಗಿತ್ತು. ಒಳ್ಳೆಯ ಕೆಲಸಗಾತಿಯೊಬ್ಬಳ ಕೈಯನ್ನು ನಾನು ಕೆಡಿಸಿಬಿಟ್ಟಿದ್ದೆ. ಅವಳಿಗೆ ಅದನ್ನು ಹಿಂದಕ್ಕೆ ಕೊಡಿಸದೆ ಸೇಲಂಗೆ ಹೇಗೆ ಹೋಗುವುದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮಾದೇಶರು ಅಷ್ಟೂ ಹೊತ್ತು ಸಂಡಿಗೆ ತಿನ್ನುತ್ತಿದ್ದರು. ಡಬ್ಬಿ ಟಾಮ್‌ಗೆ ಕೊಟ್ಟು ಎದ್ದರು.

“ನಾಳೆ ನಾನು ಆ ಗೋಡೆ ಅತ್ತಬೇಕು. ಅವ್ಳೇ ಅಗ್ಗ ಇಡೀಬೇಕು. ಏಳು ಅವ್ಳ್ಗೆ.”

“ನಿಮ್ಗೇನ್ ಬುದ್ಧಿ ಕೆಟ್ಟೈತಾ? ವಯಸ್ಸೆಷ್ಟಾಯ್ತು? ಅವ್ಳು ನಿಮ್ಗೆ ಏನಾಗ್ಬೇಕು ಅಂತ ಇಡೀತಾಳೆ?”

“ಅದ್ಕೇ ಏಳಿದ್ದು. ನೀನು ಅವ್ಳ್ನ ತಂಗಿ ಅಂತ ಕರಿ. ಕರುದ್ರೆ ಆಯ್ತಲ್ಲ, ನಮ್ ಕಟ್ಟುಪಾಡು ಕೆಡಲ್ಲ.”

ನನಗೆ ಬರುವ ಇಂಗ್ಲಿಷಿನಲ್ಲಿ ಬಾವಿಯ ವಿಷಯ, ಹೆಂಡತಿಯ ಅಣ್ಣನ ವಿಷಯ, ಹಗ್ಗ ಹಿಡಿದವನನ್ನು ಕರೆಯಕೂಡದೆಂಬ ವಿಷಯ ಎಲ್ಲ ಹೇಳಿದೆ. ಗೊತ್ತಿದ್ದೂ ಕರೆದೆ ಅಂತಲೂ ಹೇಳಿದೆ. ಇವತ್ತಿನಿಂದ ನೀನು ನನ್ನ ತಂಗಿ, ನನ್ನ ಗಂಡ ಮೇಲೆ ಹೋಗುತ್ತಾರೆ, ನೀನು ಹಿಡಿಯಬೇಕು ಅಂದೆ. ಹೆಲೆನ್ ಟಾಮ್‌ನ ಮುಖ ನೋಡಿದಳು. ಟಾಮ್ ಬಾಯಿ ತುಂಬ ಸಂಡಿಗೆ ಇಟ್ಟುಕೊಂಡು ತಲೆಯಾಡಿಸಿದ.

ಎಂಟನೆಯ ದಿನ

ಮ್ಯಾನೇಜರ್ ಸುಲಭದ ಗೋಡೆ ತೋರಿಸಿ, ಹಗ್ಗವನ್ನು ಮೇಲಿನ ಕಂಬಿಯ ಮೇಲಿಂದ ಹಾಯಿಸಿ ಕಟ್ಟಿಸಿದ. ಇದರಲ್ಲಿ ಬಿದ್ದರೂ ಹೆಚ್ಚು ಕೆಳಗೆ ಬರುವುದಿಲ್ಲವಂತೆ, ಹಿಡಿದವರ ಗಮನ ಸರಿಯಿದ್ದರೆ. ಮಾದೇಶರು ರಬ್ಬರ್ ಷೂ ಬೇಡವೆಂದು ಬರಿಗಾಲಲ್ಲಿ ನಿಂತರು. ಟಾಮ್ ಊರುಗೋಲು ಹಿಡಿದು ಬಂದು ಬೆಂಚಿನ ಮೇಲೆ ಕೂತ. ಹೆಲೆನ್‌ಳ ಮುಖ ಬಿಳಿಚಿಕೊಂಡಿತ್ತು.

ಆಳುದ್ದ ಹತ್ತಿದ ಮೇಲೆ ಮಾದೇಶರು ನಿಂತರು. ಸೋತರು ಅಂದುಕೊಂಡೆ. ಎರಡೂ ಕೈ ಬಿಟ್ಟು ಹಗ್ಗದಲ್ಲಿ ಸುಮ್ಮನೆ ಕೂತುಬಿಟ್ಟರು. ಹೆಲೆನ್ ಬೆಚ್ಚಿದಳು, ಕೈ ಮಾತ್ರ ಬೆಚ್ಚಲಿಲ್ಲ, ಹಗ್ಗ ಬಿಗಿಯಾಗಿ ನಿಂತಿತು. ಬಾವಿಗೆ ಇಳಿಯುವವರು ದಡದಲ್ಲೇ ಒಮ್ಮೆ ಹೀಗೆ ಭಾರ ಬಿಟ್ಟು ನೋಡುತ್ತಾರೆ. ಅದು ಹಗ್ಗದ ಪರೀಕ್ಷೆ ಅಂತ ಎಲ್ಲರೂ ಹೇಳುತ್ತಾರೆ. ಹಿಡಿದವನಿಗೆ ಧೈರ್ಯ ಬರಲಿ ಅಂತಲೇ ಅದನ್ನು ಮಾಡುವುದು ಅಂತ ನನಗೆ ಆ ಷೆಡ್ಡಿನಲ್ಲಿ ಗೊತ್ತಾಯಿತು.

“ಸೆಮೆ ಕೈ” ಅಂದರು ಮೇಲಿನಿಂದ, ತಮಿಳಿನಲ್ಲಿ. ಭಲೇ ಕೈ ಅಂತ ಅರ್ಥ. ಅವಳಿಗೆ ಭಾಷೆ ತಿಳಿಯಲಿಲ್ಲ, ಮಾತು ತಿಳಿಯಿತು.

ಆಮೇಲೆ ಹತ್ತಿದರು. ಅರ್ಧದಲ್ಲಿ ಒಮ್ಮೆ ಕಾಲು ಜಾರಿತು, ಹಗ್ಗ ಹಿಡಿಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ನನ್ನ ಗಂಡ ಅಲ್ಲಿ ಮೇಲಿದ್ದಾರೆ, ನನ್ನ ಕಣ್ಣೂ ಅಲ್ಲಿಗೇ ಓಡುತ್ತಿತ್ತು. ಅದನ್ನು ಎಳೆದು ತಂದು ಹೆಲೆನ್ ಮೇಲೆ ಇಟ್ಟೆ. ಫ್ಲ್ಯಾಷ್ ಇರಲಿಲ್ಲ, ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ. ಅವಳ ಗಲ್ಲ ಮೇಲೆದ್ದಿತ್ತು, ನಾನು ಹೇಳದೆಯೇ. ಕತ್ತಿನ ನರ ಬಿಗಿದಿತ್ತು, ಕೆಳತುಟಿ ಹಲ್ಲಿನಲ್ಲಿತ್ತು, ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆತಿತ್ತು. ಅಂಥ ಮುಖವನ್ನು ನಾನು ಯಾವ ಮದುವೆಯಲ್ಲೂ ಕಂಡಿರಲಿಲ್ಲ. ಪೂರ್ತಿ ರೋಲು ಅವಳಿಗೇ ಮುಗಿಯಿತು.

ಮಾದೇಶರು ಕೆಳಗಿಳಿದಾಗ ಹೆಲೆನ್ ಅವರನ್ನು ತಬ್ಬಿಕೊಂಡು ಅತ್ತಳು. ಸೇಲಂನವರಿಗೆ ಪರಹೆಂಗಸು ತಬ್ಬಿದರೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಎರಡೂ ಕೈ ಅಗಲಿಸಿಕೊಂಡು ನಿಂತಿದ್ದರು. ಸಂಜೆ ರೋಲು ತೊಳೆದು ನೋಡಿದವರು ಮುಖ ದಪ್ಪ ಮಾಡಿಕೊಂಡರು.

“ಇಷ್ಟ್ ದೂರ ಬಂದು ಗೋಡೆ ಅತ್ತಿವ್ನಿ. ನಂದು ಒಂದಾದ್ರೂ ಫೋಟೋ ಇಲ್ವೇನೇ?”

ಇರಲಿಲ್ಲ. ಗ್ರಂಥಾಲಯದ ಗೋಡೆಯಲ್ಲಿ ಮಾರ್ಗರೆಟ್ ಮೊದಲು ತೂಗುಹಾಕಿದ್ದು ಹೆಲೆನ್‌ಳ ಫೋಟೋ. ನಾವು ಹೊರಡುವ ದಿನ ಹೆಲೆನ್ ಬರಲಿಲ್ಲ. ಷೆಡ್ಡಿನಲ್ಲಿ ಯಾರೋ ಹೊಸಬರಿಗೆ ಹಗ್ಗ ಹಿಡಿದಿದ್ದಾಳೆ ಅಂತ ಟಾಮ್ ಹೇಳಿದ. ನಾನು ಹೋಗಿ ಬಾಗಿಲಲ್ಲಿ ನಿಂತು ನೋಡಿ, ಕರೆಯದೆ ಬಂದೆ.

ಹರೂರು

ಊರಿಗೆ ಬಂದ ಮೇಲೆ ಮೊದಲ ಭಾನುವಾರ ಹರೂರಿನ ಬಸ್ಸು ಹತ್ತಿದೆವು. ಅಣ್ಣ ಮಾಪ್ಳೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸರಿಯಾಗಿದ್ದಾನೆ ಅಂತ ಖಾತ್ರಿ ಮಾಡಿಕೊಂಡ. ನಾನು ಹೆಲೆನ್‌ಳ ಫೋಟೋ ಕೈಗೆ ಕೊಟ್ಟೆ. ಅದರಲ್ಲಿ ಗೋಡೆ ಇಲ್ಲ, ಹತ್ತುವವರಿಲ್ಲ. ಒಂದು ಮುಖ, ಎರಡು ಕೈ, ಹಗ್ಗ.

“ಇವ್ಳು ಏನಾಗ್ಬೇಕು ನಿಮ್ಗೆ?”

“ತಂಗಿ” ಅಂದೆ.

ಅವನು ಹುಣಸೆಹಣ್ಣಿನ ಅಂಟು ತಾಗದಂತೆ ಅಂಚಿನಲ್ಲಿ ಹಿಡಿದು ನೋಡಿದ. ಆಮೇಲೆ ಫೋಟೋವನ್ನು ತಲೆಕೆಳಗು ಮಾಡಿ ಹಿಡಿದ. ಮೇಲೆ ನೋಡುತ್ತಿದ್ದ ಹೆಲೆನ್ ಈಗ ಕೆಳಗೆ, ಬಾವಿಯೊಳಕ್ಕೆ ನೋಡುತ್ತಿದ್ದಳು.

“ಮಾಪ್ಳೆನ ಇಳಿಸ್ದಾಗ ನನ್ ಮುಖ ಇಂಗೇ ಇರ್ತಿತ್ತಾ ಅಮ್ಮಿ?”

ನನಗೆ ಗೊತ್ತಿರಲಿಲ್ಲ. ಎಂಟು ಬೇಸಿಗೆ ಅವನ ಪಕ್ಕದಲ್ಲೇ ನಿಂತಿದ್ದೆ. ಎಂಟು ಬೇಸಿಗೆಯೂ ಬಾವಿಯನ್ನೇ ನೋಡುತ್ತಿದ್ದೆ.